ಗಣಕಯಂತ್ರದ ತಿರುಳಿನಲ್ಲಿ ಪೈಪೋಟಿ

ಒಂದೇ ಪುಸ್ತಕವನ್ನು ಇಬ್ಬರು ಗುಮಾಸ್ತರು ಏಕಕಾಲದಲ್ಲಿ ತಿದ್ದಲು ಹೊರಟರೆ ಏನಾಗುತ್ತದೆಂಬುದು ಲೆಕ್ಕಪತ್ರದ ಕೆಲಸ ಬಲ್ಲವರಿಗೆಲ್ಲ ತಿಳಿದ ವಿಷಯ. ಸಹಕಾರ ಸಂಘವೊಂದರಲ್ಲಿ ಎರಡು ಕಿಟಕಿಗಳಿವೆ, ಖಾತೆಯ ಪುಸ್ತಕ ಮಾತ್ರ ಒಂದೇ ಎಂದಿಟ್ಟುಕೊಳ್ಳೋಣ. ಸದಸ್ಯನೊಬ್ಬನ ಖಾತೆಯಲ್ಲಿ 500 ರೂಪಾಯಿ ಇದೆ. ಅವನು ಒಂದು ಕಿಟಕಿಯಲ್ಲಿ 400 ರೂಪಾಯಿ ಕೇಳುತ್ತಾನೆ. ಅದೇ ಹೊತ್ತಿಗೆ ಅವನ ಮಗ ಇನ್ನೊಂದು ಕಿಟಕಿಯಲ್ಲಿ ಅದೇ ಖಾತೆಯಿಂದ 400 ರೂಪಾಯಿ ಕೇಳುತ್ತಾನೆ. ಮೊದಲನೆಯ ಗುಮಾಸ್ತನು ಪುಸ್ತಕ ನೋಡಿ, ಹಣವಿದೆಯೆಂದು ತಿಳಿದು, ಪೆಟ್ಟಿಗೆಯ ಕಡೆಗೆ ತಿರುಗುತ್ತಾನೆ. ಅವನು ಖರ್ಚು ಬರೆಯುವ ಮೊದಲೇ ಎರಡನೆಯವನೂ ಪುಸ್ತಕ ನೋಡುತ್ತಾನೆ. ಅವನಿಗೂ 500 ರೂಪಾಯಿಯೇ ಕಾಣುತ್ತದೆ. ಇಬ್ಬರೂ ಹಣ ಕೊಡುತ್ತಾರೆ. ಇಬ್ಬರೂ ‘ಉಳಿಕೆ 100’ ಎಂದು ಬರೆಯುತ್ತಾರೆ. 500 ರೂಪಾಯಿಯ ಖಾತೆಯಿಂದ 800 ರೂಪಾಯಿ ಹೋಗಿದೆ. ಪುಸ್ತಕದಲ್ಲಿ ಇನ್ನೂ 100 ರೂಪಾಯಿ ಉಳಿದಿದೆ!

ಇಬ್ಬರಲ್ಲಿ ಯಾರೂ ಕೂಡಿ ಕಳೆಯುವುದರಲ್ಲಿ ತಪ್ಪಿಲ್ಲ. ಒಬ್ಬೊಬ್ಬನ ಕೆಲಸವನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಇದೆ. ದೋಷವಿರುವುದು ನೋಡುವುದಕ್ಕೂ ಬರೆಯುವುದಕ್ಕೂ ನಡುವಣ ಅಲ್ಪಾವಕಾಶದಲ್ಲಿ. ಗಣಕಯಂತ್ರಗಳ ಲೋಕದಲ್ಲಿ ಇಂಥ ದೋಷಕ್ಕೆ ‘ರೇಸ್ ಕಂಡಿಷನ್’ ಎಂದು ಹೆಸರು. ನಾವು ಇದನ್ನು ಪೈಪೋಟಿಯ ದೋಷವೆಂದು ಕರೆಯಬಹುದು. ಯಾರು ಮೊದಲು ಮುಟ್ಟಿದರು ಎಂಬುದರ ಮೇಲೆ ಫಲಿತಾಂಶ ನಿಲ್ಲುವ ಸ್ಥಿತಿಯೇ ಇದು.

ತಿರುಳು ಎಂದರೇನು?

ಗಣಕಯಂತ್ರದ ಎಲ್ಲ ಪ್ರೋಗ್ರಾಮುಗಳ ಅಡಿಯಲ್ಲಿ ನಿಂತು ಯಂತ್ರದ ಭಾಗಗಳನ್ನೆಲ್ಲ ಆಳುವ ಪ್ರೋಗ್ರಾಮೊಂದಿರುತ್ತದೆ. ಅದಕ್ಕೆ ‘ಕರ್ನೆಲ್’, ಅಂದರೆ ತಿರುಳು, ಎಂದು ಹೆಸರು. ಸ್ಮೃತಿಯನ್ನು, ಅರ್ಥಾತ್ ಮೆಮೊರಿಯನ್ನು, ಹಂಚಿಕೊಡುವುದು, ಯಾವ ಪ್ರೋಗ್ರಾಮಿಗೆ ಎಷ್ಟು ಹೊತ್ತು ಸರದಿ ಎಂದು ನಿರ್ಧರಿಸುವುದು, ತಂತಿಯಿಂದಲೋ ಗಾಳಿಯಿಂದಲೋ ಬಂದ ಸಂದೇಶಗಳನ್ನು ತಕ್ಕವರಿಗೆ ತಲಪಿಸುವುದು, ಇವೆಲ್ಲ ಅದರ ಹೊಣೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲಾರಂಭಿಸಿದ ‘ಲಿನಕ್ಸ್’ ಇಂಥದೊಂದು ತಿರುಳು. ಆಂಡ್ರಾಯ್ಡ್ ಕೈಫೋನುಗಳಲ್ಲಿ ಇರುವುದೂ, ಅಂತರಜಾಲದ ಬಹುಪಾಲು ಸೇವೆಗಳನ್ನು ಹೊತ್ತಿರುವುದೂ ಅದೇ.

ತಿರುಳಿನ ಇತರ ಭಾಗಗಳಿಗಿಂತ ಜಾಲಸಂಪರ್ಕದ ಭಾಗದಲ್ಲಿ ಪೈಪೋಟಿಯ ಭಯ ಹೆಚ್ಚು. ಕಾರಣವನ್ನು ವಿಚಾರಮಾಡೋಣ. ಸಂದೇಶಗಳು ‘ಪ್ಯಾಕೆಟ್’ ಎಂಬ ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತವೆ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಅತಿ ಚಿಕ್ಕ ಪ್ಯಾಕೆಟ್ಟುಗಳೇ ಬಂದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಬರಬಹುದು. ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 67 ನ್ಯಾನೋಸೆಕೆಂಡು. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಈ ಹೊರೆಯನ್ನು ಒಂದೇ ಪ್ರೊಸೆಸರ್ ಹೊರಲಾರದು; ಆದಕಾರಣ ಅದು ಹಲವು ಪ್ರೊಸೆಸರುಗಳಿಗೆ ಹಂಚಲ್ಪಡುತ್ತದೆ. ಪ್ಯಾಕೆಟ್ ಬಂದಿತೆಂದು ಯಂತ್ರಭಾಗವು ಸೂಚನೆ ಕೊಟ್ಟಾಗ ಪ್ರೊಸೆಸರ್ ತಾನು ಮಾಡುತ್ತಿದ್ದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಅತ್ತ ಓಡಬೇಕು. ನಡುವೆ ಟೈಮರುಗಳು ಬಾರಿಸುತ್ತವೆ. ಬಳಕೆದಾರನ ಪ್ರೋಗ್ರಾಮು ಅದೇ ಸಂಪರ್ಕವನ್ನು ಮುಚ್ಚುವಂತೆ ಕೇಳಿರಬಹುದು. ಹೀಗೆ ಒಂದೇ ಸಂಪರ್ಕದ ದಾಖಲೆಗೆ ನಾಲ್ಕು ದಿಕ್ಕುಗಳಿಂದ ನಾಲ್ಕು ಕೈಗಳು ಬರುತ್ತವೆ. ಯಾವ ಕೈ ಯಾವಾಗ ಬರುವುದೆಂದು ಬರೆದವನು ಮೊದಲೇ ಹೇಳಲಾರ.

ಪೈಪೋಟಿಯ ದೋಷವು ಬರಿಯ ಲೆಕ್ಕದ ತಪ್ಪಿನಲ್ಲೇ ಮುಗಿಯುವುದಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡದ ಆಂಟೇರಿಯೋ ಪ್ರಾಂತದಲ್ಲಿಯೂ ಸುಮಾರು 5 ಕೋಟಿ ಜನರು ವಿದ್ಯುತ್ತಿಲ್ಲದೆ ಉಳಿದರು. ತಂತಿಗಳು ಮರಗಳಿಗೆ ತಗಲಿದುದೇ ಮೊದಲಾಗಿ ಅದಕ್ಕೆ ಹಲವು ಕಾರಣಗಳಿದ್ದವು. ಆದರೆ ಒಹಾಯೋದ ನಿಯಂತ್ರಣ ಕೊಠಡಿಯಲ್ಲಿ ಅಪಾಯವನ್ನು ಸಾರಬೇಕಾಗಿದ್ದ ಪ್ರೋಗ್ರಾಮು ಅಂದು ಮೂಕವಾಗಿದ್ದುದರಿಂದ, ಅಲ್ಲಿನವರಿಗೆ ಸಂಗತಿಯೇ ತಿಳಿಯದೆ ಹೋಯಿತು. ಎರಡು ಕಾರ್ಯಗಳು ಒಂದೇ ದಾಖಲೆಯನ್ನು ಏಕಕಾಲದಲ್ಲಿ ಬರೆಯಹೋದುದೇ ಆ ಮೂಕತನಕ್ಕೆ ಕಾರಣವೆಂದು ಮುಂದೆ ಪರೀಕ್ಷೆಯಿಂದ ತಿಳಿದುಬಂದಿತು. ಇದು ತಿರುಳಿನೊಳಗಿನ ದೋಷವಲ್ಲ. ಆದರೆ ಜಾತಿ ಅದೇ.

ಒಂಟಿ ಹಳಿಯ ನ್ಯಾಯ

ಇದಕ್ಕೆ ಪರಿಹಾರವೇನು? ರೈಲ್ವೆಯವರು ಇಂಥ ಸಮಸ್ಯೆಯನ್ನು ಬಹಳ ಹಿಂದೆಯೇ ಬಿಡಿಸಿದ್ದರು. ಎರಡು ನಿಲ್ದಾಣಗಳ ನಡುವೆ ಒಂದೇ ಹಳಿಯಿದ್ದರೆ ಎದುರುಬದುರಾಗಿ ಎರಡು ಗಾಡಿಗಳು ಅದನ್ನು ಹೊಗಬಾರದು. ನಮ್ಮ ದೇಶದ ಒಂಟಿ ಹಳಿಯ ಮಾರ್ಗಗಳಲ್ಲಿ ಇದಕ್ಕಾಗಿ ಲೋಹದ ಚೆಂಡೊಂದನ್ನು ಟೋಕನ್ನಾಗಿ ಬಹುಕಾಲ ಬಳಸುತ್ತಿದ್ದರು. ಎರಡು ನಿಲ್ದಾಣಗಳ ಟೋಕನ್ ಯಂತ್ರಗಳಿಗೆ ತಂತಿಯ ಸಂಬಂಧವಿರುತ್ತಿತ್ತು. ಒಂದು ಚೆಂಡು ಹೊರಗೆ ಬಂದಿತೆಂದರೆ, ಅದು ಮರಳಿ ಯಂತ್ರವನ್ನು ಸೇರುವವರೆಗೆ ಎರಡು ಕಡೆಗಳಲ್ಲೂ ಮತ್ತೊಂದು ಚೆಂಡು ಹೊರಬರುತ್ತಿರಲಿಲ್ಲ. ಚೆಂಡಿಲ್ಲದ ಚಾಲಕನು ಹಳಿಯನ್ನು ಹೊಗುವಂತಿರಲಿಲ್ಲ.

ಗಣಕದಲ್ಲಿ ಈ ನಿಯಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದವರಲ್ಲಿ ಮುಖ್ಯರಾದವರು ಹಾಲೆಂಡಿನ ಎಡ್ಸ್‌ಗರ್ ಡೈಕ್ಸ್ಟ್ರಾ. ಹಲವು ಕಾರ್ಯಗಳಲ್ಲಿ ಒಂದು ಸಲಕ್ಕೆ ಒಂದೇ ಕಾರ್ಯವು ಸೂಕ್ಷ್ಮಭಾಗವನ್ನು ಹೊಗುವಂತೆ ಮಾಡುವುದು ಹೇಗೆಂಬುದನ್ನು ಅವರು 1965ರಲ್ಲಿ ಪುಟ್ಟ ಲೇಖನವೊಂದರಲ್ಲಿ ತೋರಿಸಿದರು. ಅವರು ರೂಪಿಸಿದ ಸಾಧನವೊಂದಕ್ಕೆ ‘ಸೆಮಫೋರ್’ ಎಂದು ಹೆಸರು; ರೈಲುಹಾದಿಯ ಕೈಮರಕ್ಕೂ ಅದೇ ಹೆಸರಿದೆ. ಇಂದು ತಿರುಳಿನಲ್ಲಿ ಇಂಥ ಸಾಧನಗಳು ಹಲವಿವೆ. ಅವನ್ನು ಒಟ್ಟಾಗಿ ‘ಲಾಕ್’, ಅಂದರೆ ಬೀಗ, ಎನ್ನುತ್ತಾರೆ. ದಾಖಲೆಯನ್ನು ಮುಟ್ಟುವ ಮೊದಲು ಬೀಗವನ್ನು ವಶಪಡಿಸಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಬಿಡಬೇಕು. ಅದುವರೆಗೆ ಮಿಕ್ಕವರು ಕಾಯಬೇಕು.

ಇಷ್ಟು ಸರಳವಾದ ಉಪಾಯ ಕೈಯಲ್ಲಿದ್ದೂ ದೋಷಗಳೇಕೆ ಉಳಿಯುತ್ತವೆ? ಬೀಗ ಹಾಕಲು ಮರೆತುದರಿಂದ ಎಂದು ವಾಚಕರು ಊಹಿಸಬಹುದು. ಕೆಲವೊಮ್ಮೆ ಹಾಗೂ ಆಗುತ್ತದೆ. ಆದರೆ ಬೀಗ ಹಾಕಿಯೂ ತಪ್ಪುವ ಬಗೆಯೊಂದಿದೆ. ಅದಕ್ಕೊಂದು ನಿಜವಾದ ಉದಾಹರಣೆ ನೋಡೋಣ.

ಐದು ವರ್ಷ ಅಡಗಿದ್ದ ದೋಷ

ಲಿನಕ್ಸಿನಲ್ಲಿ ‘ಪ್ಯಾಕೆಟ್ ಸಾಕೆಟ್’ ಎಂಬ ಸೌಕರ್ಯವಿದೆ. ತಂತಿಯ ಮೇಲೆ ಬರುವ ಪ್ಯಾಕೆಟ್ಟುಗಳನ್ನು ಇದ್ದಂತೆಯೇ ನೋಡಬಯಸುವ ಪ್ರೋಗ್ರಾಮುಗಳಿಗೆ ಅದು ಬೇಕು. ಒಂದೊಂದು ಪ್ಯಾಕೆಟ್ಟನ್ನೂ ನಕಲು ಮಾಡಿ ಕೊಡುತ್ತಿದ್ದರೆ ಕಾಲಹರಣವಾಗುತ್ತದೆ. ಆದುದರಿಂದ ತಿರುಳೂ ಪ್ರೋಗ್ರಾಮೂ ಹಂಚಿಕೊಳ್ಳುವ ಸ್ಮೃತಿಯ ಬಳೆಯೊಂದನ್ನು ಕಟ್ಟುತ್ತಾರೆ. ತಿರುಳು ಒಂದು ಕಡೆಯಿಂದ ತುಂಬುತ್ತ ಹೋಗುತ್ತದೆ, ಪ್ರೋಗ್ರಾಮು ಹಿಂದಿನಿಂದ ಓದುತ್ತ ಬರುತ್ತದೆ. ಈ ಬಳೆಯ ರಚನೆಯಲ್ಲಿ ಮೂರು ಆವೃತ್ತಿಗಳಿವೆ. 2011ರಲ್ಲಿ ಸೇರಿಸಿದ ಮೂರನೆಯ ಆವೃತ್ತಿಯಲ್ಲಿ ಒಂದು ವಿಶೇಷವಿತ್ತು: ಬಳೆಯ ಒಂದು ಭಾಗ ತುಂಬದಿದ್ದರೂ ಗೊತ್ತಾದ ಹೊತ್ತು ಕಳೆದೊಡನೆ ಅದನ್ನು ಪ್ರೋಗ್ರಾಮಿಗೆ ಒಪ್ಪಿಸಲು ಟೈಮರ್ ಒಂದನ್ನು ಇಟ್ಟಿದ್ದರು. ಹಿಂದಿನ ಎರಡು ಆವೃತ್ತಿಗಳಲ್ಲಿ ಟೈಮರ್ ಇಲ್ಲ.

ಬಳೆಯನ್ನು ಕಟ್ಟಿದ ಮೇಲೆ ಆವೃತ್ತಿಯನ್ನು ಬದಲಿಸಬಾರದು. ಈ ನಿಯಮವನ್ನು ತಿರುಳಿನಲ್ಲಿ ಬರೆದೇ ಇದ್ದರು. ಆವೃತ್ತಿ ಬದಲಿಸುವ ಕೋರಿಕೆ ಬಂದಾಗ ‘ಬಳೆ ಇದೆಯೇ?’ ಎಂದು ಮೊದಲು ನೋಡುತ್ತಿದ್ದರು. ಇದ್ದರೆ ಕೋರಿಕೆ ತಿರಸ್ಕೃತವಾಗುತ್ತಿತ್ತು. ಬಳೆ ಕಟ್ಟುವ ಭಾಗದಲ್ಲಿ ಬೀಗವೂ ಇತ್ತು. ಆದರೆ ಆ ಬೀಗವನ್ನು ಹಾಕುತ್ತಿದ್ದುದು ಅರ್ಧ ಕೆಲಸವಾದ ಮೇಲೆ.

ಈಗ ಒಂದೇ ಪ್ರೋಗ್ರಾಮಿನ ಎರಡು ಎಳೆಗಳು ಎರಡು ಪ್ರೊಸೆಸರುಗಳ ಮೇಲೆ ಓಡುತ್ತಿವೆ ಎಂದುಕೊಳ್ಳೋಣ. ಮೊದಲನೆಯ ಎಳೆ ಬಳೆ ಕಟ್ಟುವಂತೆ ಕೇಳುತ್ತದೆ. ತಿರುಳು ಆವೃತ್ತಿಯನ್ನು ನೋಡುತ್ತದೆ, ಅದು ಮೂರು. ಟೈಮರ್ ಅನ್ನು ಸಿದ್ಧಪಡಿಸುತ್ತದೆ. ಬೀಗ ಹಾಕಿ ‘ಬಳೆ ಇದೆ’ ಎಂದು ದಾಖಲಿಸುವುದು ಇನ್ನೂ ಬಾಕಿ. ಆ ಕ್ಷಣದಲ್ಲಿ ಎರಡನೆಯ ಎಳೆ ‘ಆವೃತ್ತಿಯನ್ನು ಒಂದಕ್ಕೆ ಬದಲಿಸು’ ಎಂದು ಕೇಳುತ್ತದೆ. ತಿರುಳು ನೋಡುತ್ತದೆ: ಬಳೆ ದಾಖಲಾಗಿಲ್ಲ. ಹಾಗಾದರೆ ಬದಲಿಸಬಹುದು! ಆವೃತ್ತಿ ಒಂದಾಗುತ್ತದೆ. ಅನಂತರ ಬಳೆಯೂ ದಾಖಲಾಗುತ್ತದೆ. ಈಗ ಅಲ್ಲಿರುವುದು ಕಾಗದದ ಮೇಲೆ ಒಂದನೆಯ ಆವೃತ್ತಿ. ಒಳಗೆ ಮಾತ್ರ ಟೈಮರ್ ಓಡುತ್ತಿದೆ.

ಸಾಕೆಟ್ಟನ್ನು ಮುಚ್ಚುವಾಗ ಅನರ್ಥ ಹೊರಬೀಳುತ್ತದೆ. ಮುಚ್ಚುವ ಭಾಗವು ಆವೃತ್ತಿಯನ್ನು ನೋಡಿ, ಒಂದನೆಯದಕ್ಕೆ ಟೈಮರ್ ಇರುವುದಿಲ್ಲವಾದ್ದರಿಂದ ನಿಲ್ಲಿಸುವ ಗೊಡವೆಗೇ ಹೋಗುವುದಿಲ್ಲ. ಸ್ಮೃತಿಯ ಜಾಗವನ್ನು ಬಿಟ್ಟುಕೊಡುತ್ತದೆ. ಟೈಮರ್ ಮಾತ್ರ ಆ ಬಿಟ್ಟುಕೊಟ್ಟ ಜಾಗದಲ್ಲೇ ಓಡುತ್ತಿದೆ. ಹೊತ್ತು ಬಂದಾಗ ಯಾವ ಕೆಲಸವನ್ನು ನಡೆಸಬೇಕೆಂಬ ವಿಳಾಸವೂ ಅಲ್ಲಿಯೇ ಬರೆದಿದೆ. ಮನೆ ಖಾಲಿಮಾಡಿ ಹೋದವನ ಹೆಸರಿಗೆ ಬಂದ ಮನಿಯಾರ್ಡರನ್ನು ಹೊಸ ಬಾಡಿಗೆಯವನು ಪಡೆದಂತೆ, ಅಷ್ಟರಲ್ಲಿ ಆ ಜಾಗವನ್ನು ಹಿಡಿದವನು ತನಗೆ ಬೇಕಾದ ವಿಳಾಸವನ್ನು ಅಲ್ಲಿ ಬರೆದಿಟ್ಟಿರಬಹುದು. ತಿರುಳು ಅದನ್ನೇ ನಂಬಿ ತನ್ನ ಪೂರ್ಣಾಧಿಕಾರದೊಡನೆ ನಡೆಸಿಬಿಡುತ್ತದೆ. ಅರ್ಥಾತ್, ಸಾಮಾನ್ಯ ಬಳಕೆದಾರನೊಬ್ಬನು ಇಡೀ ಯಂತ್ರದ ಒಡೆಯನಾಗಬಲ್ಲನು. ಪ್ಯಾಕೆಟ್ ಸಾಕೆಟ್ ತೆರೆಯಲು ವಿಶೇಷಾಧಿಕಾರ ಬೇಕೆಂಬುದು ನಿಜ. ಆದರೆ ಸಾಮಾನ್ಯನಿಗೂ ಪ್ರತ್ಯೇಕ ಆವರಣವೊಂದನ್ನು ಕಟ್ಟಿಕೊಂಡು ಅದರೊಳಗೆ ಆ ಅಧಿಕಾರ ಪಡೆಯಲು ಹಲವು ವ್ಯವಸ್ಥೆಗಳಲ್ಲಿ ಅವಕಾಶವಿತ್ತು.

ಈ ದೋಷವು ಐದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 2016ರ ಕೊನೆಯಲ್ಲಿ ಭದ್ರತಾ ಸಂಶೋಧಕರೊಬ್ಬರು ಅದನ್ನು ಕಂಡುಹಿಡಿದು, ತಿದ್ದುಪಡಿಯನ್ನೂ ತಾವೇ ಬರೆದುಕೊಟ್ಟರು. ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2016-8655. ತಿದ್ದುಪಡಿ ಕೆಲವೇ ಸಾಲುಗಳದು. ಹೊಸ ಬೀಗವನ್ನು ಕಂಡುಹಿಡಿಯಬೇಕಾಗಲಿಲ್ಲ. ಬಳೆ ಕಟ್ಟುವ ಭಾಗದಲ್ಲಿ ನಡುವೆ ಹಾಕುತ್ತಿದ್ದ ಬೀಗವನ್ನು ಆರಂಭಕ್ಕೆ ಒಯ್ದರು. ಆವೃತ್ತಿ ಬದಲಿಸುವ ಭಾಗವೂ ಅದೇ ಬೀಗ ಹಾಕಿಯೇ ‘ಬಳೆ ಇದೆಯೇ?’ ಎಂದು ನೋಡುವಂತೆ ಮಾಡಿದರು. ಅಷ್ಟೇ.

ಇದೇ ಪಾಠವನ್ನು ಕಲಿಸುವ ಇನ್ನೊಂದು ಪ್ರಕರಣ ವಾಸ್ತವಯಂತ್ರದೊಳಗೆ ನಡೆಯುವ ಕಲ್ಪಿತ ಯಂತ್ರಗಳಿಗೆ ಸಂಬಂಧಿಸಿದುದು. ಅವುಗಳಿಗೂ ಆತಿಥೇಯ ಯಂತ್ರಕ್ಕೂ ಸಂಪರ್ಕ ಕಲ್ಪಿಸುವ ‘ವಿಸಾಕ್’ ಎಂಬ ಭಾಗಕ್ಕೆ 2019ರಲ್ಲಿ ಹಲವು ಬಗೆಯ ವಾಹಕಗಳನ್ನು ಬಳಸುವ ಸೌಕರ್ಯ ಸೇರಿತು. ಕೆಲವು ಕಡೆಗಳಲ್ಲಿ ‘ಈಗಿನ ವಾಹಕ ಯಾವುದು’ ಎಂಬುದನ್ನು ಮೊದಲು ಬರೆದಿಟ್ಟುಕೊಂಡು, ಆಮೇಲೆ ಬೀಗ ಹಾಕುತ್ತಿದ್ದರು. ಬೀಗಕ್ಕಾಗಿ ಕಾಯುವಷ್ಟರಲ್ಲಿ ಇನ್ನೊಂದು ಎಳೆ ವಾಹಕವನ್ನೇ ಬದಲಿಸಿದ್ದರೆ ಕೈಯಲ್ಲಿ ಉಳಿದಿರುವುದು ಹಳೆಯ ವಿಳಾಸ. 2021ರ ಫೆಬ್ರವರಿಯಲ್ಲಿ ಮಾಡಿದ ತಿದ್ದುಪಡಿಯೆಂದರೆ ಬರೆದುಕೊಳ್ಳುವ ಸಾಲನ್ನು ಬೀಗದ ಸಾಲಿನ ಕೆಳಕ್ಕೆ ಇಳಿಸಿದುದು.

ನೋಡುವುದೂ ಮಾಡುವುದೂ ಒಂದೇ ಬೀಗದೊಳಗೆ ನಡೆಯಬೇಕು. ಬೀಗಕ್ಕೆ ಮೊದಲು ಕಂಡ ಸಂಗತಿ ಬೀಗದ ಅನಂತರವೂ ನಿಜವಾಗಿದೆಯೆಂದು ನಂಬಲಾಗದು. ಗುಮಾಸ್ತರ ಪುಸ್ತಕದಲ್ಲಿ ಆದುದೂ, ತಿರುಳಿನಲ್ಲಿ ಆದುದೂ ಇದೇ.

ಬೀಗದ ಬೆಲೆ

ಹಾಗಿದ್ದರೆ ಎಲ್ಲಕ್ಕೂ ಮೊದಲೇ ದೊಡ್ಡ ಬೀಗವೊಂದನ್ನು ಜಡಿದುಬಿಟ್ಟರೆ ಸಾಲದೇ? 1996ರಲ್ಲಿ ಲಿನಕ್ಸ್ ಮೊದಲಬಾರಿಗೆ ಹಲವು ಪ್ರೊಸೆಸರುಗಳ ಮೇಲೆ ಓಡಿದಾಗ ಮಾಡಿದ್ದು ಇದನ್ನೇ. ಇಡೀ ತಿರುಳಿಗೆ ಒಂದೇ ಮಹಾಬೀಗ. ಕ್ಷೇಮವೇನೋ ಇತ್ತು, ಆದರೆ ಪ್ರೊಸೆಸರುಗಳು ಎಷ್ಟಿದ್ದರೂ ತಿರುಳಿನೊಳಗೆ ದುಡಿಯುವುದು ಒಂದೇ, ಮಿಕ್ಕವು ಬಾಗಿಲಲ್ಲಿ ನಿಂತಿರುತ್ತಿದ್ದವು. ಅದನ್ನು ಒಡೆದು ಸಣ್ಣ ಸಣ್ಣ ಬೀಗಗಳನ್ನಾಗಿ ಮಾಡುತ್ತ ಬಂದು, ಮಹಾಬೀಗದ ಕೊನೆಯ ಅವಶೇಷವನ್ನು ತೆಗೆದುಹಾಕಿದ್ದು 2011ರಲ್ಲಿ.

ಬೀಗಗಳು ಹೆಚ್ಚಿದಷ್ಟೂ ಬೇರೊಂದು ತೊಡಕು. ಒಬ್ಬನು ಮೊದಲನೆಯ ಬೀಗ ಹಿಡಿದು ಎರಡನೆಯದಕ್ಕೆ ಕಾಯುತ್ತಿದ್ದಾನೆ. ಇನ್ನೊಬ್ಬನು ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಿದ್ದಾನೆ. ಇಬ್ಬರೂ ಎಂದೆಂದಿಗೂ ಕದಲುವುದಿಲ್ಲ. ಎಲ್ಲರೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕೆಂಬುದು ಇದಕ್ಕೆ ಪರಿಹಾರ. ಈ ಕ್ರಮ ಎಲ್ಲಿ ತಪ್ಪಿದೆಯೆಂದು ತಾನಾಗಿಯೇ ಎತ್ತಿಹೇಳುವ ‘ಲಾಕ್‌ಡೆಪ್’ ಎಂಬ ಪರೀಕ್ಷಕವು 2006ರಲ್ಲಿ ಲಿನಕ್ಸನ್ನು ಸೇರಿತು.

ಜಾಲಸಂಪರ್ಕದಲ್ಲಿ ಒಬ್ಬನೇ ತನ್ನನ್ನು ತಾನು ಕಟ್ಟಿಹಾಕಿಕೊಳ್ಳುವುದೂ ಉಂಟು. ಪ್ರೊಸೆಸರೊಂದು ಬೀಗ ಹಿಡಿದು ಕೆಲಸ ಮಾಡುತ್ತಿರುವಾಗ ಪ್ಯಾಕೆಟ್ ಬಂದು ಅದನ್ನು ಕರೆಯುತ್ತದೆ. ಪ್ಯಾಕೆಟ್ಟಿನ ಕೆಲಸಕ್ಕೂ ಅದೇ ಬೀಗ ಬೇಕು. ಅರ್ಧಕ್ಕೆ ಬಿಟ್ಟ ಕೆಲಸ ಮುಗಿಯದೆ ಬೀಗ ಸಿಗದು. ಬೀಗ ಸಿಗದೆ ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮರಳಲಾಗದು. ಆದುದರಿಂದ ಅಂಥ ಬೀಗ ಹಿಡಿದಿರುವಷ್ಟು ಹೊತ್ತು ಆ ಪ್ರೊಸೆಸರಿನಲ್ಲಿ ಪ್ಯಾಕೆಟ್ಟಿನ ಕೆಲಸವನ್ನು ತಡೆಹಿಡಿಯುತ್ತಾರೆ. ಟಿಸಿಪಿ ಸಂಪರ್ಕದ ಬೀಗಕ್ಕೆ ಇನ್ನೊಂದು ಉಪಾಯವಿದೆ: ಬೀಗ ಬೇರೊಬ್ಬನ ವಶದಲ್ಲಿದ್ದರೆ ಬಂದ ಪ್ಯಾಕೆಟ್ಟನ್ನು ಬಾಕಿಯ ಸಾಲಿನಲ್ಲಿಟ್ಟು ಹೋಗುತ್ತಾರೆ, ಬೀಗ ಬಿಡುವವನು ಬಿಡುವ ಮುನ್ನ ಆ ಬಾಕಿಯನ್ನು ತೀರಿಸುತ್ತಾನೆ.

ಬೀಗವಿಲ್ಲದೆಯೂ ಕ್ಷೇಮ ಸಾಧಿಸುವ ದಾರಿಗಳಿವೆ. ಎಷ್ಟು ಪ್ಯಾಕೆಟ್ ಬಂದವೆಂಬ ಎಣಿಕೆಯನ್ನೇ ತೆಗೆದುಕೊಳ್ಳಿ. ಎಲ್ಲರೂ ಒಂದೇ ಪುಸ್ತಕದಲ್ಲಿ ಬರೆಯುವ ಬದಲು ಪ್ರೊಸೆಸರಿಗೊಂದು ಪುಸ್ತಕ ಕೊಟ್ಟು, ಯಾರಾದರೂ ಕೇಳಿದಾಗ ಒಟ್ಟು ಹಾಕಿದರಾಯಿತು. ಹಂಚಿಕೊಳ್ಳದ ವಸ್ತುವಿಗೆ ಪೈಪೋಟಿಯಿಲ್ಲ. ಪ್ಯಾಕೆಟ್ ಯಾವ ದಾರಿ ಹಿಡಿಯಬೇಕೆಂದು ತಿಳಿಸುವ ಮಾರ್ಗಪಟ್ಟಿಯ ವಿಷಯ ಬೇರೆ. ಅದನ್ನು ಪ್ರತಿಯೊಂದು ಪ್ಯಾಕೆಟ್ಟಿಗೂ ಓದಬೇಕು. ಬದಲಿಸುವುದು ಮಾತ್ರ ಅಪರೂಪ. 2002ರಲ್ಲಿ ಲಿನಕ್ಸಿಗೆ ಸೇರಿದ ‘ಆರ್‌ಸಿಯು’ ಎಂಬ ವಿಧಾನದಲ್ಲಿ ಓದುವವರು ಬೀಗ ಹಾಕುವುದೇ ಇಲ್ಲ. ಬದಲಿಸುವವನು ಹಳೆಯ ಪ್ರತಿಯನ್ನು ತಿದ್ದದೆ ಹೊಸ ಪ್ರತಿಯೊಂದನ್ನು ಸಿದ್ಧಮಾಡಿ ತೂಗುಹಾಕುತ್ತಾನೆ. ಹಳೆಯದನ್ನು ಓದಲು ಆರಂಭಿಸಿದ್ದವರೆಲ್ಲ ಓದಿ ಮುಗಿಸಿದ ಮೇಲೆಯೇ ಅದನ್ನು ಹರಿದುಹಾಕುತ್ತಾನೆ. ಹೊಸ ವೇಳಾಪಟ್ಟಿ ಬಂದಿತೆಂದು ಪ್ರಯಾಣಿಕನು ಓದುತ್ತಿರುವ ಹಳೆಯ ಪಟ್ಟಿಯನ್ನು ಕೈಯಿಂದ ಕಸಿದುಕೊಳ್ಳಬೇಕಾಗಿಲ್ಲ.

ಕಾಣದ ದೋಷವನ್ನು ಹುಡುಕುವ ಬಗೆ

ಪೈಪೋಟಿಯ ದೋಷವನ್ನು ತಿದ್ದುವುದಕ್ಕಿಂತ ಕಂಡುಹಿಡಿಯುವುದು ಕಷ್ಟ. ಸಾವಿರ ಸಲ ಓಡಿಸಿದರೂ ಸುಮ್ಮನಿದ್ದು, ಸಾವಿರದ ಒಂದನೆಯ ಸಲ ಯಂತ್ರ ಕುಸಿಯಬಹುದು. ಏನಾಗುತ್ತಿದೆಯೆಂದು ತಿಳಿಯಲು ನಡುವೆ ಒಂದು ಸಾಲು ಮುದ್ರಿಸುವಂತೆ ಮಾಡಿದರೆ, ಅಷ್ಟರಿಂದಲೇ ಕಾಲಗತಿ ಬದಲಾಗಿ ದೋಷ ಮಾಯವಾಗುವುದೂ ಉಂಟು.

ಆದುದರಿಂದ ಹುಡುಕುವ ಕೆಲಸಕ್ಕೂ ಯಂತ್ರವನ್ನೇ ಹಚ್ಚಿದ್ದಾರೆ. ಗೂಗಲ್ ಸಂಸ್ಥೆಯಲ್ಲಿ ರಚಿತವಾದ ‘ಸಿಜ್‌ಕಾಲರ್’ ಎಂಬ ಸಾಧನವು ತಿರುಳಿಗೆ ಬಗೆಬಗೆಯ ಅಡ್ಡಾದಿಡ್ಡಿ ಕೋರಿಕೆಗಳನ್ನು ಹಗಲಿರುಳು ಸಲ್ಲಿಸುತ್ತ ಎಲ್ಲಿ ಎಡವುತ್ತದೆಂದು ನೋಡುತ್ತದೆ. 2020ರಲ್ಲಿ ಲಿನಕ್ಸಿಗೆ ಸೇರಿದ ‘ಕೆಸಿಸ್ಯಾನ್’ ಎಂಬ ಪರೀಕ್ಷಕದ ಉಪಾಯ ಇನ್ನೂ ಸ್ವಾರಸ್ಯವಾದುದು. ಒಂದು ಎಳೆ ಸ್ಮೃತಿಯ ಯಾವುದೋ ಜಾಗವನ್ನು ಮುಟ್ಟಹೊರಟಾಗ ಅದನ್ನು ಬೇಕೆಂದೇ ಕೊಂಚ ತಡೆದು ನಿಲ್ಲಿಸಿ, ಆ ಜಾಗಕ್ಕೆ ಕಾವಲಿಡುತ್ತದೆ. ಆ ಅವಧಿಯಲ್ಲಿ ಬೇರೊಂದು ಎಳೆ ಅದೇ ಜಾಗಕ್ಕೆ ಕೈಹಾಕಿದರೆ, ಇಬ್ಬರಲ್ಲಿ ಒಬ್ಬನಾದರೂ ಬರೆಯುವವನಾಗಿದ್ದರೆ, ಇಬ್ಬರ ಗುರುತನ್ನೂ ವರದಿ ಮಾಡುತ್ತದೆ. ಕಳ್ಳನು ಬರಲೆಂದು ಬಾಗಿಲನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟು ಹೊಂಚುಕಾಯುವಂಥ ಕೆಲಸವಿದು.

ಆದರೂ ಇಂಥ ಸಾಧನಗಳು ತೋರಿಸುವುದು ಎರಡು ಕೈಗಳು ಕೂಡಿದ ಸ್ಥಳವನ್ನು ಮಾತ್ರ. ಆ ಎರಡರಲ್ಲಿ ಯಾವುದು ಕಾಯಬೇಕು, ಬೀಗ ಎಲ್ಲಿಂದ ಎಲ್ಲಿಯವರೆಗೆ ಇರಬೇಕು ಎಂಬುದನ್ನು ಮನುಷ್ಯನೇ ಯೋಚಿಸಿ ನಿರ್ಧರಿಸಬೇಕು. 2016ರ ಆ ತಿದ್ದುಪಡಿ ಕೆಲವೇ ಸಾಲುಗಳಷ್ಟಿದ್ದರೂ, ಅದನ್ನು ಬರೆಯಲು ಬಳೆ ಕಟ್ಟುವುದು, ಆವೃತ್ತಿ ಬದಲಿಸುವುದು, ಸಾಕೆಟ್ ಮುಚ್ಚುವುದು ಈ ಮೂರೂ ಒಟ್ಟಿಗೆ ನಡೆದರೆ ಏನಾಗುವುದೆಂದು ಒಬ್ಬರು ಕುಳಿತು ಕಲ್ಪಿಸಿಕೊಳ್ಳಬೇಕಾಯಿತು. ಬಿಡಿಬಿಡಿಯಾಗಿ ನೋಡಿದವರಿಗೆ ಆ ಮೂರೂ ಐದು ವರ್ಷ ಸರಿಯಾಗಿಯೇ ಕಂಡಿದ್ದವು.